ಒಬ್ರೇ ಕೂತು ಆಡೋ ಹಾರರ್ ಗೇಮು, ಅದೂ ಪುಸ್ತಕದಲ್ಲಿ: ನನ್ನ ರೂವಾರಿ ತನ್ನ ಹೆಸರೇ ಮರೆತ ಕಥೆ

ಪುಸ್ತಕ ಕೈಗೆ ಬಂದ ತಕ್ಷಣ ನಮ್ಮತ್ತೆ ಮಗನಿಗೆ ಬೈದೆ. ಅಮೆರಿಕದಿಂದ ಬರೋವಾಗ ಜೋಪಾನವಾಗಿ ತಗೊಂಬಾ ಅಂದ್ರೆ ಬ್ಯಾಗಲ್ಲಿ ಏನೋ ಚೆಲ್ಕೊಂಡಿದೀಯಲ್ಲೋ, ಪುಟವೆಲ್ಲಾ ಕಲೆ ಅಂತ. ಅವನು ನಗ್ತಾ "ಭಾವ, ಉಜ್ಜಿ ನೋಡಿ" ಅಂದ. ಉಜ್ಜಿದೆ. ಕಲೆ ಪ್ರಿಂಟೇ! ಒಳಗೆ ಅಂಟಿಸಿದ ಹಾಗಿರೋ ಹಳೇ ಕಾಗದದ ತುಣುಕು, ಚೀಟಿ, ಚಿತ್ರ ಎಲ್ಲಾನೂ ಪ್ರಿಂಟೇ. ಯಾರದ್ದೋ ಅಟ್ಟದ ಮೇಲೆ ನೂರು ವರ್ಷ ಬಿದ್ದಿದ್ದ ಪುಸ್ತಕವನ್ನ ಕದ್ಕೊಂಡು ಬಂದ ಹಾಗೆ ಮಾಡಿದಾರೆ. ಗಟ್ಟಿ ರಟ್ಟು, ಒಳ್ಳೆ ತೂಕ. ಪಿಡಿಎಫ್ ಕೂಡ ಸಿಗುತ್ತೆ, ಅಗ್ಗವಾಗೂ ಆಗುತ್ತೆ, ಆದ್ರೆ ಈ ಮೋಸ ಹೋಗೋ ಸುಖ ಪಿಡಿಎಫಲ್ಲಿ ಇಲ್ಲ.

ಹೆಸರು ಥೌಸಂಡ್ ಇಯರ್ ಓಲ್ಡ್ ವ್ಯಾಂಪೈರ್, ಮಾಡಿದ್ದು ಟಿಮ್ ಹಚಿಂಗ್ಸ್. ಸಾವಿರ ವರ್ಷದ ರಕ್ತಪಿಶಾಚಿ ಅಂತ ಕನ್ನಡದಲ್ಲಿ ಹೇಳಿದ್ರೆ ಬಸ್‌ಸ್ಟ್ಯಾಂಡ್ ಪತ್ತೇದಾರಿ ಕಾದಂಬರಿ ಥರ ಕೇಳ್ಸುತ್ತೆ, ಅದು ಬೇರೆ ವಿಷಯ.

ರೋಲ್‌ಪ್ಲೇಯಿಂಗ್ ಗೇಮ್ ಅಂದ್ರೆ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗಿಂದ ಹೆಚ್ಚುಕಮ್ಮಿ ಒಂದೇ ಪದ್ಧತಿ. ನಾಲ್ಕೈದು ಜನ ಟೇಬಲ್ ಸುತ್ತ ಕೂರ್ತಾರೆ, ಒಬ್ಬ ಕಥೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರ ಹಾಕ್ತಾರೆ, ತಕರಾರು ಬಂದ್ರೆ ಡೈಸ್ ಉರುಳಿಸ್ತಾರೆ. ನಮ್ಮದೂ ಒಂದು ಗ್ಯಾಂಗ್ ಇತ್ತು. ಇಬ್ಬರಿಗೆ ಮಕ್ಕಳಾದ್ವು, ಒಬ್ಬ ಪುಣೆಗೆ ಹೋದ, ಇನ್ನೊಬ್ಬ ಮುಂದಿನ ಶನಿವಾರ ಗ್ಯಾರಂಟಿ ಮಗಾ ಅಂತ ಮೂರು ವರ್ಷದಿಂದ ಹೇಳ್ತಾನೇ ಇದಾನೆ. ಹಾಗಾಗಿ ಒಬ್ಬನೇ ಆಡೋ ಗೇಮ್ ಹುಡುಕ್ತಾ ಹೋದೆ. ಮೊದಲು ಆಡಿದ್ದು ಅಲೋನ್ ಅಗೇನ್ಸ್ಟ್ ದಿ ಫ್ಲೇಮ್ಸ್, ಅದು ಕಾಲ್ ಆಫ್ ಕಥುಲ್ಹು ಗೇಮಿನ ರೂಲ್ಸ್ ಕಲಿಸೋಕೆ ಅಂತಾನೇ ಮಾಡಿದ್ದು. ಇದನ್ನ ಮಾಡಿದ್ರೆ ಇಂಥ ನಂಬರಿಗೆ ಹೋಗಿ, ಅದನ್ನ ಮಾಡಿದ್ರೆ ಅಲ್ಲಿಗೆ ಹೋಗಿ ಅನ್ನೋ ಥರದ್ದು. ಚೆನ್ನಾಗಿದೆ, ಆದ್ರೆ ಕಥೆ ಅವರು ಬರೆದಿಟ್ಟಿದ್ದೇ. ಒಂದ್ಸಲ ಮುಗಿಸಿದ್ಮೇಲೆ ದಾರಿ ಎಲ್ಲಿ ಕವಲೊಡೆಯುತ್ತೆ ಅಂತ ಗೊತ್ತಾಗ್ಬಿಡುತ್ತೆ. ಈ ವ್ಯಾಂಪೈರ್ ಪುಸ್ತಕ ಹಾಗಲ್ಲ. ಇದರಲ್ಲಿ ಕಥೆಯೇ ಇಲ್ಲ, ಬರೀ ಪ್ರಶ್ನೆಗಳಿವೆ. ಕಥೆ ನೀವೇ ನೋಟ್‌ಬುಕ್ಕಲ್ಲಿ ಬರೀಬೇಕು.

ಆಡೋ ರೀತಿ ಹೇಳ್ತೀನಿ. ಮೊದಲು ಒಬ್ಬ ಮನುಷ್ಯನನ್ನ ಹುಟ್ಟಿಸ್ಬೇಕು. ಅವನಿಗೆ ಗೊತ್ತಿರೋ ವಿದ್ಯೆ ಮೂರು, ಅವನ ಹತ್ರ ಇರೋ ವಸ್ತು ಮೂರು, ಪರಿಚಯದ ಮನುಷ್ಯರು ಮೂರು, ಅವನನ್ನ ಪಿಶಾಚಿ ಮಾಡಿದ ಅಮರ ಜೀವಿ ಒಂದು, ಆಮೇಲೆ ಮೈಮೇಲೆ ಅಳಿಸಲಾಗದ ಒಂದು ಗುರುತು. ಆಮೇಲೆ ಹತ್ತು ಮುಖದ ಡೈಸ್ ಒಂದು, ಮಾಮೂಲಿ ಆರು ಮುಖದ್ದು ಒಂದು ಉರುಳಿಸಿ ಹತ್ತರದ್ದರಿಂದ ಆರರದ್ದು ಕಳೀಬೇಕು. ಪುಸ್ತಕದಲ್ಲಿ ನಂಬರ್ ಹಾಕಿರೋ ಪ್ರಶ್ನೆಗಳಿಗೆ ಪ್ರಾಂಪ್ಟ್ ಅಂತಾರೆ, ಬಂದಷ್ಟು ಪ್ರಾಂಪ್ಟ್ ಮುಂದಕ್ಕೆ, ಮೈನಸ್ ಬಂದ್ರೆ ಅಷ್ಟು ಹಿಂದಕ್ಕೆ. ಹಿಂದೆ ನಿಂತಿದ್ದ ಪ್ರಾಂಪ್ಟಿಗೇ ಮತ್ತೆ ಬಂದ್ರೆ ಅದರ ಎರಡನೇ ಪ್ರಶ್ನೆ, ಮೂರನೇ ಸಲ ಬಂದ್ರೆ ಮೂರನೇದು. ಕಾಗದದ ಮೇಲೆ ಲೆಕ್ಕ ಹಾಕಿ ನೋಡ್ದೆ: 60 ಜೋಡೀಲಿ 15 ಸಲ ಹಿಂದಕ್ಕೆ, 6 ಸಲ ಅಲ್ಲೇ, ಉಳಿದ 39 ಸಲ ಮುಂದಕ್ಕೆ. ಸರಾಸರಿ ಒಂದು ಸರದಿಗೆ ಎರಡು ಹೆಜ್ಜೆ. ಅಂದ್ರೆ ಮುಂದೆ ಹೋಗ್ತಾನೇ ಇರ್ತೀರಿ, ಆದ್ರೆ ನಾಲ್ಕಕ್ಕೊಂದು ಸಲ ಹಳೇ ಪಾಪ ಕಾಲಿಗೆ ತೊಡರುತ್ತೆ.

ಹತ್ತು ಮುಖದ ಡೈಸ್ ಮನೇಲಿ ಇರ್ಲಿಲ್ಲ. ದೊಡ್ಡ ಐಡಿಯಾ ಮಾಡ್ಕೊಂಡು ಅಜ್ಜಿ ಕಾಲದ ಹತ್ತು ಕವಡೆ ಹಾಕ್ದೆ, ಎಷ್ಟು ಅಂಗಾತ ಬಿತ್ತೋ ಅಷ್ಟು ಅಂತ. ನೋಡೋಕೆ ಬಹಳ ಚೆಂದ, ಪಿಶಾಚಿ ಕಥೆಗೆ ಹೇಳಿ ಮಾಡಿಸಿದ ಹಾಗಿತ್ತು, ಆದ್ರೆ ಕವಡೇಲಿ ನಾಲ್ಕು ಐದು ಆರೇ ಜಾಸ್ತಿ ಬೀಳೋದು, ಒಂದು ಹತ್ತು ಬೀಳೋದೇ ಇಲ್ಲ, ಗೇಮ್ ಸಪ್ಪೆ ಆಗ್ಬಿಡುತ್ತೆ. ಆಮೇಲೆ ಒಂದರಿಂದ ಹತ್ತರ ತನಕ ಚೀಟಿ ಬರೆದು ಸ್ಟೀಲ್ ಡಬ್ಬೀಲಿ ಹಾಕಿ ಎತ್ತಿದೆ, ಸರಿ ಹೋಯ್ತು. ಫೋನಲ್ಲಿ ಡೈಸ್ ಆಪ್ ಇದೆ, ಗೊತ್ತು. ಫೋನ್ ಕೈಗೆ ಬಂದ್ರೆ ನಾನು ವಾಪಸ್ ಪುಸ್ತಕಕ್ಕೆ ಬರಲ್ಲ ಅನ್ನೋದೂ ಗೊತ್ತು.

ಇಷ್ಟೇ ಆಗಿದ್ರೆ ನಾನು ಇಷ್ಟು ಉದ್ದ ಬರೀತಿರ್ಲಿಲ್ಲ. ಇದರ ಜೀವ ಇರೋದು ನೆನಪಿನ ರೂಲಲ್ಲಿ. ನಿಮ್ಮ ವ್ಯಾಂಪೈರ್ ತಲೇಲಿ ಐದೇ ನೆನಪಿಗೆ ಜಾಗ, ಒಂದೊಂದು ನೆನಪಿಗೆ ಮೂರು ಅನುಭವ, ಒಂದು ಅನುಭವ ಅಂದ್ರೆ ಒಂದೇ ವಾಕ್ಯ. ಒಟ್ಟು ಹದಿನೈದು ವಾಕ್ಯ. ಸಾವಿರ ವರ್ಷ ಬದುಕೋ ಪ್ರಾಣಿಗೆ ಹದಿನೈದು ವಾಕ್ಯ! ಪ್ರತಿ ಪ್ರಾಂಪ್ಟಿಗೂ ಹೊಸ ವಾಕ್ಯ ಬರೀಲೇಬೇಕು, ಜಾಗ ತುಂಬಿದ್ಮೇಲೆ ಹಳೇ ನೆನಪು ಒಂದನ್ನ ಪೂರ್ತಿ ಗೀಟು ಹಾಕಿ ಹೊಡೀಬೇಕು. ಯಾವ್ದು ಹೊಡೀಬೇಕು ಅಂತ ಡೈಸ್ ಹೇಳಲ್ಲ, ನೀವೇ ಆರಿಸ್ಬೇಕು.

ಇಲ್ಲಿ ಕನ್ನಡದಲ್ಲಿ ಆಡೋರಿಗೆ ಒಂದು ಮಜಾ ಇದೆ. ಇಂಗ್ಲಿಷಲ್ಲಿ ಒಂದು ವಾಕ್ಯ ಅಂದ್ರೆ ಬೇಗ ಮುಗಿದುಹೋಗುತ್ತೆ. ನಮ್ಮಲ್ಲಿ ಹೋಗಿ, ಬಂದು, ಕೂತು, ಎದ್ದು, ಕೊಂದು, ಕೈ ತೊಳ್ಕೊಂಡು ಅಂತ ಪೋಣಿಸ್ತಾ ಹೋದ್ರೆ ಕೊನೇಲಿ ಒಂದೇ ಒಂದು ಕ್ರಿಯಾಪದ ಹಾಕಿ ಮುಗಿಸ್ಬಹುದು, ಮೂವತ್ತು ವರ್ಷದ ಬದುಕು ಒಂದೇ ವಾಕ್ಯ! ಮೊದಲ ರಾತ್ರಿ ಹಾಗೇ ಮಾಡ್ದೆ, ಒಂದು ಅನುಭವ ಅರ್ಧ ಪುಟ ಆಯ್ತು. ನನ್ನ ಹೆಂಡತಿ ಹಾಲಿಗೆ ಹೆಪ್ಪು ಹಾಕಿ ಬಂದು ಹಿಂದೆ ನಿಂತು ಓದಿ "ರೀ, ಇದು ಒಂದು ವಾಕ್ಯನಾ, ಇಲ್ಲಾ ಕ್ರಯಪತ್ರನಾ" ಅಂದ್ಲು. ಅವಳೇ ರೂಲ್ ಹಾಕಿದ್ಲು: ಒಂದು ವಾಕ್ಯಕ್ಕೆ ಎರಡೇ "ಇ", "ಉ" ಕೊನೆ, ಮೂರನೇದು ಬಂದ್ರೆ ಫುಲ್‌ಸ್ಟಾಪ್. ಪುಸ್ತಕದಲ್ಲಿ ಇಲ್ಲದ ಈ ರೂಲ್ ಕನ್ನಡದಲ್ಲಿ ಆಡೋರೆಲ್ಲ ಇಟ್ಕೊಳ್ಳಿ, ಇಲ್ದಿದ್ರೆ ಮರೆವು ಕಚ್ಚೋದೇ ಇಲ್ಲ.

ಯುರೋಪಿನ ಕೋಟೆ, ಕಪ್ಪು ಕೋಟು ಹಾಕ್ಕೊಂಡ ದೊರೆ ಇವೆಲ್ಲ ನನಗೆ ಬರಲ್ಲ. ಪುಸ್ತಕವೂ ಹಾಗೇ ಇರ್ಬೇಕು ಅಂತ ಹೇಳಲ್ಲ, ಊರು ಕಾಲ ಎಲ್ಲಾ ನಿಮ್ಮಿಷ್ಟ. ನಾನು ಹಾಸನದವನು, ಸ್ಕೂಲ್ ಟ್ರಿಪ್ ಅಂದ್ರೆ ಬೇಲೂರು ಹಳೇಬೀಡು ಬಿಟ್ಟು ಬೇರೇದು ನೋಡಿದವನಲ್ಲ, ಹಾಗಾಗಿ ನನ್ನವನು ಬಮ್ಮೋಜ ಅಂತ ಒಬ್ಬ ರೂವಾರಿ, ಅಂದ್ರೆ ಶಿಲ್ಪಿ, ಬಳ್ಳಿಗಾವಿಯವನು, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರು ಚೆನ್ನಕೇಶವ ದೇವಸ್ಥಾನದಲ್ಲಿ ಕೆಲಸಕ್ಕೆ ಬಂದವನು. ಬಮ್ಮೋಜ ನನ್ನ ಕಲ್ಪನೆ. ಆದ್ರೆ ಹೊಯ್ಸಳರ ರೂವಾರಿಗಳು ತಾವು ಮಾಡಿದ ವಿಗ್ರಹದ ಕೆಳಗೆ ಹೆಸರು ಕೊರೀತಿದ್ದದ್ದು ನಿಜ, ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇವರ ಹೆಸರು ಈಗಲೂ ಬೇಲೂರಲ್ಲಿ ಇದೆ. ಬಮ್ಮೋಜನೂ ಒಂದು ಮದನಿಕೆಯ ಪಾದದ ಕೆಳಗೆ ಹೆಸರು ಹಾಕ್ದ. ಅದೇ ಅವನ ಮೊದಲ ನೆನಪಿನ ಮೊದಲ ವಾಕ್ಯ. ಗುರುತು ಏನು ಅಂದ್ರೆ ಬೆರಳ ತುದೀಲಿ ಬಳಪದ ಕಲ್ಲಿನ ಪುಡಿ, ಎಷ್ಟು ತೊಳೆದ್ರೂ ಹೋಗಲ್ಲ. ಅವನನ್ನ ಕೆಡಿಸಿದ್ದು ಒಬ್ಬ ಬ್ರಹ್ಮರಾಕ್ಷಸ. ನಮ್ಮ ಬ್ರಹ್ಮರಾಕ್ಷಸ ರಕ್ತಕ್ಕಿಂತ ವಾದಕ್ಕೆ ಜಾಸ್ತಿ ಬಾಯಿ ಬಿಡ್ತಾನೆ, ಇರ್ಲಿ, ಅಡ್ಜಸ್ಟ್ ಮಾಡ್ಕೊಂಡೆ.

ಮೊದಲನೇ ಪ್ರಾಂಪ್ಟೇ ಕೆನ್ನೆಗೆ ಹೊಡೆದ ಹಾಗಿದೆ. ಹಸಿವಿನಲ್ಲಿ ಹತ್ತಿರದವರೊಬ್ಬರನ್ನ ಕೊಲ್ಲು ಅನ್ನುತ್ತೆ. ಅಷ್ಟೊತ್ತು ಕೂತು ಪ್ರೀತಿಯಿಂದ ಮಾಡಿದ್ದ ಮೂರು ಜನರಲ್ಲಿ ಒಬ್ಬರು. ಕಂಬಕ್ಕೆ ಹೊಳಪು ಕೊಡೋ ತಮ್ಮ ಹೋದ. ಅವನಿಗೆ ಹೆಸರಿಟ್ಟು ಹದಿನೈದು ನಿಮಿಷ ಆಗಿರ್ಲಿಲ್ಲ.

ಆಮೇಲಿನ ಎರಡು ರಾತ್ರಿ ಸ್ವಲ್ಪ ಎಳೀತು, ತಪ್ಪು ನಂದೇ. 1311ರಲ್ಲಿ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ ಬಂದದ್ದು, ಹಂಪೆ, 1565ರ ಯುದ್ಧ ಅಂತ ಹೈಸ್ಕೂಲ್ ಇತಿಹಾಸ ಪುಸ್ತಕ ಬರೆಯೋಕೆ ಶುರು ಮಾಡ್ಬಿಟ್ಟೆ. ಈ ಗೇಮಿಗೆ ಇತಿಹಾಸ ಬೇಕಿಲ್ಲ, ಸಣ್ಣ ಸಣ್ಣ ನಾಚಿಕೆಗೇಡಿನ ವಿಷಯ ಬೇಕು. ಇಸವಿ ಎಷ್ಟು ಮುಂದೆ ಹೋಯ್ತು ಅಂತಾನೂ ಪುಸ್ತಕ ಹೇಳಲ್ಲ, ನೀವೇ ಅಂದಾಜು ಮಾಡ್ಕೋಬೇಕು, ಲೆಕ್ಕ ಇಡೋ ಅಭ್ಯಾಸ ಇರೋರಿಗೆ ಕಿರಿಕಿರಿ ಆಗ್ಬಹುದು.

ನಾಲ್ಕನೇ ರಾತ್ರಿ ಕಡತ ಬಂತು. ರೂಲ್ ಪ್ರಕಾರ ಮರೀಬೇಕಾದ ನೆನಪನ್ನ ಹೊಡೆದು ಹಾಕೋ ಬದಲು ಒಂದು ಡೈರಿಗೆ ದಾಟಿಸ್ಬಹುದು, ಡೈರೀಲಿ ನಾಲ್ಕು ನೆನಪು ಹಿಡಿಯುತ್ತೆ, ಆದ್ರೆ ಡೈರಿ ಕಳೆದುಹೋದ್ರೆ ಅದರ ಜೊತೆ ಎಲ್ಲಾನೂ ಹೋದ ಹಾಗೆ. ವಿಜಯನಗರ ಕಾಲದ ಆಸಾಮಿ ಡೈರಿ ಅಂದ್ರೆ ಏನಿಟ್ಕೋತಾನೆ? ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಲ್ಲಿ ಬರೆಯೋದು, ಬೇಡ ಅಂದ್ರೆ ಒರೆಸಿ ಮತ್ತೆ ಬರೆಯೋದು. ಇದನ್ನ ಬರೀತಾ ಬರೀತಾ ಹೊಳೀತು, ಬಳಪ ಅಂದ್ರೆ ಅದೇ ಬಳಪದ ಕಲ್ಲು, ದೇವಸ್ಥಾನ ಕಟ್ಟಿದ್ದೂ ಅದರಲ್ಲೇ. ಬಮ್ಮೋಜ ಒಂದೇ ಕಲ್ಲಲ್ಲಿ ಒಂದ್ಸಲ ಅಳಿಯದ ಹಾಗೆ ಹೆಸರು ಕೊರೆದಿದ್ದಾನೆ, ಇನ್ನೊಂದ್ಸಲ ಒರೆಸಿದ್ರೆ ಹೋಗೋ ಹಾಗೆ ಬರೆದಿದ್ದಾನೆ. ಇದನ್ನ ನಾನು ಪ್ಲಾನ್ ಮಾಡಿರ್ಲಿಲ್ಲ, ಆಣೆ. ತಮ್ಮನ ವಾಕ್ಯ, ಮದನಿಕೆ ವಾಕ್ಯ ಎಲ್ಲಾ ಕಡತಕ್ಕೆ ಹೋದ್ವು. ಸೇಫ್ ಅನ್ಕೊಂಡೆ.

ಐದನೇ ರಾತ್ರಿ ಒಂದು ಪ್ರಾಂಪ್ಟ್ ಬಂದು ಒಂದು ವಸ್ತು ಕಳ್ಕೋ ಅಂತು. ನನ್ನ ಹತ್ರ ಉಳಿದಿದ್ದ ವಸ್ತು ಒಂದೇ, ಆ ಕಡತ. 1799ರಲ್ಲಿ ಶ್ರೀರಂಗಪಟ್ಟಣದಿಂದ ಓಡೋವಾಗ ಕಾವೇರೀಲಿ ಹೋಯ್ತು ಅಂತ ಬರೆದು, ಸ್ಕೇಲ್ ಇಟ್ಟು ನಾಲ್ಕು ನೆನಪಿನ ಮೇಲೂ ಗೀಟು ಎಳೆದೆ. ಗೀಟಿನ ಕೆಳಗೆ ಅಕ್ಷರ ಕಾಣ್ತಾನೇ ಇರುತ್ತೆ. ನೀವು ಓದ್ಬಹುದು, ಅವನು ಓದೋ ಹಾಗಿಲ್ಲ.

ಮುಂದಿನ ಎರಡು ಮೂರು ಪ್ರಾಂಪ್ಟ್ ಆದ್ಮೇಲೆ 1930ರ ಸುಮಾರಿಗೆ ಒಬ್ಬ ದೊರೆಸಾನಿಗೆ ಲಾಂದ್ರ ಹಿಡಿಯೋ ಆಳಾಗಿ ಬಮ್ಮೋಜ ಬೇಲೂರಿಗೆ ಬಂದ. ಮದನಿಕೆ ಕೆಳಗೆ ಬೆಳಕು ಹಿಡಿದ. ಅಕ್ಷರ ಕಾಣ್ತು. ನನಗೆ ಗೊತ್ತಿದೆ ಅದು ಅವನ ಹೆಸರು ಅಂತ, ಆದ್ರೆ ಅವನಿಗೆ ಗೊತ್ತಿರೋ ಹಾಗಿಲ್ಲ, ಹಾಗಾದ್ರೆ ಏನಂತಾನೆ? ಪೆನ್ನು ಹಿಡ್ಕೊಂಡು ಐದು ನಿಮಿಷ ಕೂತಿದ್ದೆ. ಕೊನೆಗೆ ಬರೆದ ವಾಕ್ಯ ಇದು: "ಯಾರೋ ಅವಸರದಲ್ಲಿ ಕೊರೆದಿದ್ದಾರೆ, ಮಕಾರ ಸೊಟ್ಟಗಿದೆ ಅಂದೆ, ದೊರೆಸಾನಿ ನಕ್ಕಳು." ಬರೆದಾದ್ಮೇಲೆ ಹಾಲಿನ ಲೈಟು ಹಾಕ್ದೆ, ನಿಜ ಹೇಳ್ತೀನಿ. ದೆವ್ವ ಭೂತದ ಭಯ ಅಲ್ಲ ಅದು. ಹಾರರ್ ಸಿನಿಮಾ ನೋಡೋವಾಗ ಕಣ್ಣು ಮುಚ್ಕೋಬಹುದು, ಇಲ್ಲಿ ಕೈ ನಂದು, ಅಕ್ಷರ ನಂದು, ಗೀಟು ನಂದು.

ಹಾಗಂತ ಪೂರ್ತಿ ಅಳುಬುರುಕ ಗೇಮ್ ಅನ್ಕೋಬೇಡಿ. ತೊಂಬತ್ತರ ದಶಕದಲ್ಲಿ ನಮ್ಮವನು ಬೆಂಗಳೂರಲ್ಲಿ ಹಸ್ಕೊಂಡು ಅಲೀತಿದ್ದಾಗ ಬಾಗಿಲು ಬಾಗಿಲಲ್ಲೂ "ನಾಳೆ ಬಾ". ಶಿಸ್ತಿನ ಮನುಷ್ಯ, ಹನ್ನೊಂದು ದಿನ ನಾಳೆ ಬಂದ. ಆರನೇ ರಾತ್ರಿ ಒಂದು ಪ್ರಾಂಪ್ಟ್ ವಿದ್ಯೆ ಒಂದನ್ನ ಟಿಕ್ ಮಾಡು, ಅಂದ್ರೆ ಬಳಸಿ ಮುಗಿಸು ಅಂತು, ಟಿಕ್ ಆಗದ ವಿದ್ಯೆ ಉಳಿದಿರ್ಲಿಲ್ಲ, ವಿದ್ಯೆ ಇಲ್ದಿದ್ರೆ ವಸ್ತು ಕೊಡ್ಬೇಕು, ಅದೂ ಇರ್ಲಿಲ್ಲ. ಎರಡೂ ಇಲ್ಲ ಅಂದ್ರೆ ಆಟ ಮುಗೀತು. ಮೆಜೆಸ್ಟಿಕ್ ಹತ್ರ ಒಂದು ಲಾಡ್ಜಿನ ಟೆರೇಸಲ್ಲಿ ಬಿಸಿಲು ಬರೋ ತನಕ ಕೂತ.

ಯಾರಿಗೆ ಬೇಡ ಅಂತಾನೂ ಹೇಳ್ಬೇಕು. ಬರೆಯೋದು ಅಂದ್ರೆ ಬೇಜಾರು ಅನ್ನೋರಿಗೆ ಬೇಡವೇ ಬೇಡ. ವಾಕ್ಯ ಮಾತ್ರ ಬರೆದು ಬೇಗ ಆಡೋ ರೀತಿ ಒಂದು, ಪ್ರತಿ ಪ್ರಾಂಪ್ಟಿಗೂ ದಿನಚರಿ ಥರ ಉದ್ದಕ್ಕೆ ಬರೆಯೋದು ಇನ್ನೊಂದು, ಎರಡೂ ಪುಸ್ತಕದಲ್ಲೇ ಇವೆ, ಆದ್ರೂ ಪೆನ್ನಂತೂ ಬೇಕೇ ಬೇಕು. ಪ್ರಾಂಪ್ಟ್‌ಗಳೆಲ್ಲ ಇಂಗ್ಲಿಷು. ಕೊಲೆ, ದ್ರೋಹ, ಒಂಟಿತನ ಇವೆಲ್ಲ ಬರುತ್ತೆ, ಮಕ್ಕಳ ಕೈಗೆ ಕೊಡಬೇಡಿ, ಮನೇಲಿ ಯಾರಾದ್ರೂ ಹೋಗಿ ಸ್ವಲ್ಪ ದಿನ ಆಗಿದ್ರೆ ನೀವೂ ಈಗಲೇ ಆಡಬೇಡಿ. ಬರೆಯೋಕಿಂತ ಮಾತಾಡೋದು ಇಷ್ಟ ಅನ್ನೋರಿಗೆ ದಿ ರೆಚೆಡ್ ಅಂತ ಇನ್ನೊಂದಿದೆ, ಕೆಟ್ಟು ನಿಂತ ಆಕಾಶನೌಕೇಲಿ ಒಬ್ಬನೇ ಉಳಿದವನ ಕಥೆ, ಇಸ್ಪೀಟ್ ಎಲೆ ತೆಗೆದು, ಮರದ ತುಂಡಿನ ಗೋಪುರದಿಂದ ಒಂದೊಂದೇ ಎಳೀತಾ, ನಿಮ್ಮ ದನೀಲೇ ರೆಕಾರ್ಡ್ ಮಾಡೋದು. ಗೋಪುರ ಬಿದ್ರೆ ಕಥೆ ಮುಗೀತು. ನನಗೆ ಅದು ಆಗಲ್ಲ, ರಾತ್ರಿ ಹನ್ನೊಂದಕ್ಕೆ ಹಾಲಲ್ಲಿ ಒಬ್ಬನೇ ಮಾತಾಡ್ತಿದ್ರೆ ಪಕ್ಕದ ಮನೆಯವರು ನಮ್ಮಮ್ಮನಿಗೆ ಫೋನ್ ಮಾಡ್ತಾರೆ.

ದುಡ್ಡಿಗೆ ಮೋಸ ಇಲ್ಲ. ಆದ್ರೆ ಹೊರದೇಶದಿಂದ ತರಿಸೋ ಖರ್ಚು ನೋಡ್ಕೊಳ್ಳಿ, ಬರೋ ನೆಂಟರಿದ್ರೆ ಅವರ ಬ್ಯಾಗೇ ವಾಸಿ.

ಈಗ ಪುಸ್ತಕ ನನ್ನ ಹತ್ರ ಇಲ್ಲ. ವಾಕ್ಯಕ್ಕೆ ರೂಲ್ ಹಾಕಿದ್ಲಲ್ಲ, ಅವಳೇ ತಗೊಂಡಿದಾಳೆ. ಅವಳದ್ದು ಒಬ್ಬಳು ಸೂಲಗಿತ್ತಿಯಂತೆ, ಅಷ್ಟೇ ಹೇಳಿದ್ದು. ಮೊನ್ನೆ ಅಡಿಗೆ ಮನೇಲಿ ಚೀಟಿ ಡಬ್ಬಿ ಅಲ್ಲಾಡೋ ಸದ್ದು ಕೇಳಿ ಯಾರನ್ನ ಕೊಂದೆ ಕಣೆ ಅಂತ ಕೇಳ್ದೆ. ನಿಮಗ್ಯಾಕೆ ಅಂದ್ಲು. ನೋಟ್‌ಬುಕ್ ಬೀರುವಲ್ಲಿದೆ, ಕೀ ಅವಳ ಸೊಂಟದಲ್ಲಿದೆ.