ಕರಾವಳಿಯ ಹಳೆಯ ಮಾರುತಿ 800: ತುಕ್ಕಿಗೆ ನಾಲ್ಕು ಮದ್ದು, ಮೂರು ಮಳೆಗಾಲ

ಅಪ್ಪ 1998ರಲ್ಲಿ ಕೊಂಡ ಮಾರುತಿ 800 ಇಂದಿಗೂ ಉಡುಪಿಯ ನಮ್ಮ ಮನೆಯಂಗಳದಲ್ಲಿದೆ. ಮೂರು ಸಿಲಿಂಡರಿನ ಅದರ 796 ಸಿಸಿ ಎಂಜಿನ್ ನನ್ನನ್ನು ಎಂದೂ ಕಾಡಿದ್ದಿಲ್ಲ. ಕಾರ್ಬೊರೇಟರ್ ತೊಳೆಯುವುದು, ಪ್ಲಗ್ಗಿನ ಅಂತರ ಹೊಂದಿಸುವುದು, ಟ್ಯಾಪೆಟ್ ನೋಡುವುದು ಇವೆಲ್ಲ ಭಾನುವಾರದ ಬೆಳಗ್ಗೆಯೊಳಗೆ ಮುಗಿಯುವ ಕೆಲಸಗಳು. ಕಾಡಿದ್ದು ತಗಡು. ಉಪ್ಪುಗಾಳಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯೂ ಸೇರುವ ಈ ಊರಿನಲ್ಲಿ ಕಾರಿನ ಆಯುಷ್ಯವನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ಅದರ ನೆಲ. 2021ರಲ್ಲಿ ರಬ್ಬರ್ ಮ್ಯಾಟ್ ಎತ್ತಿ ನೋಡಿದಾಗ ಸ್ಕ್ರೂಡ್ರೈವರಿನ ತುದಿ ಒತ್ತಿದಲ್ಲೆಲ್ಲ ತಗಡು ಒಳಗೆ ಹೋಯಿತು. ಅಂಗೈಯಗಲದ ಒಂದು ಭಾಗಕ್ಕೆ ಟಿಂಕರಿಂಗ್ ಕೆಲಸದವರಿಂದ ತೇಪೆ ಬೆಸೆಸಿ, ಉಳಿದ ಜಾಗಗಳಲ್ಲಿ ಬೇರೆಬೇರೆ ಮದ್ದುಗಳನ್ನು ಹಚ್ಚಿ, ಮೂರು ಮಳೆಗಾಲ ಕಾದು ನೋಡಿದೆ.

ಮೊದಲಿಗೆ ಚಾಲಕನ ಬದಿಯ ನೆಲಕ್ಕೆ, ಕಾರಿನ ಅಡಿಯಿಂದ, ಡಾಂಬರಿನಂತಹ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹಚ್ಚಿದೆ. ಸಡಿಲವಾಗಿದ್ದ ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಅದರ ಮೇಲೆ ದಪ್ಪಗೆ ಎರಡು ಪದರ ಬಳಿದದ್ದಷ್ಟೇ. ಒಂದು ಮಧ್ಯಾಹ್ನದಲ್ಲಿ ಮುಗಿದ ಕೆಲಸ. ಮೊದಲ ವರ್ಷ ಎಷ್ಟು ಅಂದವಾಗಿ ಕಂಡಿತೆಂದರೆ ಇಡೀ ಕಾರಿಗೆ ಇದನ್ನೇ ಬಳಿದುಬಿಡಬೇಕೆನಿಸಿತ್ತು. ಎರಡನೆಯ ಮಳೆಗಾಲದ ನಂತರ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಒಂದೆಡೆ ಟೊಳ್ಳು ಸದ್ದು ಬಂತು. ಕೆರೆದರೆ ಅಂಗೈಯಷ್ಟು ಕಪ್ಪು ಪದರ ಒಂದೇ ಹಾಳೆಯಾಗಿ ಎದ್ದು ಬಂದು, ಅದರ ಹಿಂದೆ ಒದ್ದೆಯಾದ ತುಕ್ಕಿನ ಪದರಗಳು ಕಂಡವು. ಈ ಲೇಪನ ಒಣಗಿ ಬಿರುಸಾದ ಮೇಲೆ ಜಲ್ಲಿ ತಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಹೊಕ್ಕ ಉಪ್ಪುನೀರು ಹೊರಬರಲಾರದೆ ಅಲ್ಲಿಯೇ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಬಣ್ಣ ಗಟ್ಟಿಯಾಗಿರುವ ತಗಡಿನ ಮೇಲೆ ಇದು ಕಲ್ಲೇಟನ್ನೂ ಸದ್ದನ್ನೂ ತಡೆಯುವ ಒಳ್ಳೆಯ ಹೊದಿಕೆ. ತುಕ್ಕು ಹಿಡಿದ ತಗಡಿನ ಮೇಲೆ ಮಾತ್ರ ಅದು ರೋಗವನ್ನು ಮುಚ್ಚಿಡುವ ಬಟ್ಟೆ.

ಮುಂದಿನ ಎಡಬದಿಗೆ ತುಕ್ಕು ಪರಿವರ್ತಕವನ್ನು ಆರಿಸಿಕೊಂಡೆ. ಇದರಲ್ಲಿರುವ ಟ್ಯಾನಿಕ್ ಆಮ್ಲ ಕೆಂಪು ತುಕ್ಕಿನೊಡನೆ ಸೇರಿ ಕಪ್ಪಾದ, ಸ್ಥಿರವಾದ ಐರನ್ ಟ್ಯಾನೇಟ್ ಆಗುತ್ತದೆ. ಹಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಬಣ್ಣ ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಮೇಲೆ ಇನಾಮಲ್ ಬಣ್ಣ ಬಳಿದ ಈ ಭಾಗ ಎರಡು ಮಳೆಗಾಲ ಚೆನ್ನಾಗಿಯೇ ಇತ್ತು. ಮೂರನೆಯದರಲ್ಲಿ ತುಕ್ಕು ದಪ್ಪಗಿದ್ದ ಜಾಗಗಳಲ್ಲಿ ಗುಳ್ಳೆಗಳೆದ್ದವು. ಮದ್ದು ಮೇಲ್ಪದರಕ್ಕಷ್ಟೇ ತಾಗಿ, ಆಳದ ತುಕ್ಕು ಹಾಗೆಯೇ ಉಳಿದುಕೊಂಡಿತ್ತು. ಆದರೂ ಗ್ರೈಂಡರ್ ಇಟ್ಟರೆ ತೂತಾಗುವಷ್ಟು ತೆಳುವಾದ ತಗಡಿಗೆ ಮತ್ತು ಬ್ರಷ್ ತೂರದ ಮೂಲೆಗಳಿಗೆ ನಾನು ಇದನ್ನೇ ಬಳಸುತ್ತೇನೆ.

ಹಿಂದಿನ ಸೀಟಿನ ಮುಂದಿರುವ ನೆಲದ ಎಡಭಾಗಕ್ಕೆ ಸತುವಿನ ಪ್ರೈಮರ್ ಹಚ್ಚಿದೆ, ಮತ್ತು ನನ್ನ ಮೆಚ್ಚುಗೆಯೆಲ್ಲ ಇದಕ್ಕೇ. ಸತುವು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಅದನ್ನು ಕಾಯುತ್ತದೆ. ಗೀರು ಬಿದ್ದಲ್ಲಿಯೂ ಸುತ್ತಲಿನ ಸತುವು ಈ ಕೆಲಸವನ್ನು ಬಿಡುವುದಿಲ್ಲ. ಆದರೆ ಪ್ರೈಮರಿನಲ್ಲಿರುವ ಸತುವಿನ ಪುಡಿ ಬರಿಯ ಲೋಹಕ್ಕೆ ನೇರವಾಗಿ ತಾಗಿದರೆ ಮಾತ್ರ ಈ ಗುಣ ಕೆಲಸ ಮಾಡುತ್ತದೆ. ಆದ್ದರಿಂದ ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು. ಎರಡು ಚದರಡಿಗೂ ಕಡಿಮೆ ಜಾಗಕ್ಕೆ ನನಗೆ ಎರಡು ಭಾನುವಾರಗಳು ಹಿಡಿದವು. ಹೆಚ್ಚಿನ ಭದ್ರತೆ ಸಿಗಲೆಂದು ಮೊದಲು ಪರಿವರ್ತಕ, ಅದರ ಮೇಲೆ ಸತುವು ಎಂದು ಸಲಹೆ ಕೊಡುವವರಿದ್ದಾರೆ. ಪರಿವರ್ತಕದ ಪದರ ನಡುವೆ ಬಂದರೆ ಸತುವಿಗೂ ಕಬ್ಬಿಣಕ್ಕೂ ಸಂಪರ್ಕವೇ ತಪ್ಪಿ, ಬೆಲೆಬಾಳುವ ಪ್ರೈಮರ್ ಸಾಮಾನ್ಯ ಬಣ್ಣವಾಗಿಬಿಡುತ್ತದೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಸತುವು ಭಾರವಾದುದರಿಂದ ಡಬ್ಬಿಯ ತಳಕ್ಕಿಳಿದು ಗಟ್ಟಿಯಾಗಿರುತ್ತದೆ. ಹಚ್ಚುವಾಗಲೂ ನಡುನಡುವೆ ಕದಡುತ್ತಿರಬೇಕು. ಮೇಲೆ ಎಪಾಕ್ಸಿ ಬಣ್ಣದ ಹೊದಿಕೆ ಇರಲೇಬೇಕು. ಮೂರು ಮಳೆಗಾಲಗಳ ನಂತರ ಮ್ಯಾಟ್ ಎತ್ತಿದರೆ ಅಲ್ಲಿ ಒಂದೇ ಒಂದು ಕೆಂಪು ಚುಕ್ಕೆಯಿಲ್ಲ.

ಚಾಲಕನ ಕಾಲಡಿಗೆ ಒದ್ದೆ ಚಪ್ಪಲಿಯ ನೀರು ಹೆಚ್ಚು ಬೀಳುತ್ತದೆ, ಹಿಂದಿನ ಸೀಟಿನಲ್ಲಿ ನಮ್ಮಲ್ಲಿ ಕೂರುವವರೇ ಅಪರೂಪ; ಆದ್ದರಿಂದ ಈ ಹೋಲಿಕೆ ಪೂರ್ತಿ ಸಮತೂಕದ್ದಲ್ಲ. ಆದರೂ ಕಪ್ಪು ಲೇಪನ ಎದ್ದದ್ದು ಕಾರಿನ ಅಡಿಯಿಂದ, ಕಾಲಡಿಯ ಕಡೆಯಿಂದಲ್ಲ ಎಂಬುದನ್ನು ಗಮನಿಸಬೇಕು.

ನಾಲ್ಕನೆಯದು ಬಾಗಿಲುಗಳ ಒಳಗಿಗೂ ಅವುಗಳ ಕೆಳಗಿನ ಮುಚ್ಚಿದ ಪಟ್ಟಿಗೂ ಬಳಸಿದ ಮೇಣದ ಸ್ಪ್ರೇ. ಅಲ್ಲಿ ಉಜ್ಜಲು ಕೈ ಹೋಗುವುದಿಲ್ಲವಾದ್ದರಿಂದ ಉಳಿದ ಮೂರಕ್ಕೂ ಅವಕಾಶವಿಲ್ಲ. ಉದ್ದನೆಯ ನಳಿಕೆ ತೂರಿಸಿ ಸಿಂಪಡಿಸಿದರೆ ಮೇಣ ಸಂದುಗಳಲ್ಲಿ ಹರಡಿಕೊಂಡು ಒಣಗದೆ ಮೆತ್ತಗೆ ಉಳಿಯುತ್ತದೆ. ಬಾಗಿಲಿನ ಅಡಿಯಲ್ಲಿ ನೀರಿಳಿಯುವ ರಂಧ್ರಗಳನ್ನು ಮಾತ್ರ ಬಳಿಕ ಕಡ್ಡಿಯಿಂದ ಬಿಡಿಸಬೇಕು. ಎರಡು ವರ್ಷಕ್ಕೊಮ್ಮೆ ಮತ್ತೆ ಸಿಂಪಡಿಸುತ್ತೇನೆ. ಇದಕ್ಕೆ ಬದಲಾಗಿ ಹಳೆಯ ಎಂಜಿನ್ ಆಯಿಲ್ ಸುರಿಯುವ ರೂಢಿ ಇಲ್ಲಿದೆ. ಅದು ರಬ್ಬರ್ ಬುಷ್‌ಗಳನ್ನು ಕೆಡಿಸಿ, ಮಳೆಯಲ್ಲಿ ತೊಳೆದು ಬಾವಿಯ ನೀರಿಗೆ ಸೇರುವ ವಿಷ. ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಯಾವ ಮದ್ದು ಹಚ್ಚುವುದಾದರೂ ಮುಂದಿನ ಗಾಜಿನ ರಬ್ಬರ್ ಬೀಡಿಂಗಿನ ಮೇಲೆ ಮೊದಲು ನೀರು ಬಿಟ್ಟು ನೋಡಬೇಕು. ನನ್ನ ಕಾರಿನ ನೆಲಕ್ಕೆ ನೀರು ಇಳಿಯುತ್ತಿದ್ದುದೇ ಅಲ್ಲಿಂದ. ಕಾರಿನ ಅಡಿಗೆ ಇಳಿಯುವ ಮುನ್ನ ಜಾಕ್ ಒಂದನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡ್‌ಗಳನ್ನು ಕೊಡಬೇಕು. ಬಣ್ಣದ ಕೆಲಸ ಗಾಳಿ ಒಣಗಿರುವ ಡಿಸೆಂಬರ್ ಮತ್ತು ಜನವರಿಯಲ್ಲಿಯೇ ಆಗಬೇಕು. ಈ ಡಿಸೆಂಬರಿನಲ್ಲಿ ಚಾಲಕನ ಬದಿಯ ಕಪ್ಪು ಲೇಪನವನ್ನು ಪೂರ್ತಿ ಕೆರೆದು ತೆಗೆದು, ಅಲ್ಲಿಗೂ ಸತುವನ್ನೇ ಹಚ್ಚಲಿದ್ದೇನೆ.