ರೋಮ್‌ನ ಅಗ್ಗದ ಪಾಸ್ತಾ ಕೌಂಟರ್: ಗೋಡಂಬಿ ಅಲರ್ಜಿ ಇರುವವರು ದಯವಿಟ್ಟು ಓದಿ

ನಿಮ್ಮಲ್ಲಿ ಯಾರಿಗಾದರೂ ಗೋಡಂಬಿ ಅಥವಾ ಪಿಸ್ತಾ ಅಲರ್ಜಿ ಇದ್ದು ರೋಮ್‌ಗೆ ಹೊರಟಿದ್ದರೆ, ಸ್ಪ್ಯಾನಿಷ್ ಸ್ಟೆಪ್ಸ್, ಟ್ರೆವಿ ಕಾರಂಜಿ ಸುತ್ತಮುತ್ತಲಿನ ಅಗ್ಗದ ತಾಜಾ ಪಾಸ್ತಾ ಕೌಂಟರ್‌ಗಳಲ್ಲಿ ಪೆಸ್ಟೊ ಎಂಬ ಹಸಿರು ಸಾಸ್ ತಿನ್ನಬೇಡಿ. ನನ್ನ ಅಕ್ಕನ ಮಗನಿಗೆ ಅಲ್ಲಿ ಆದದ್ದು ಇನ್ನೊಂದು ಮಗುವಿಗೆ ಆಗಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯ ಹೆಸರು ಹಾಕುವುದಿಲ್ಲ. ಹಾಕಿದರೆ ಆ ಒಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೀರಿ, ಅಲ್ಲಿ ಕೆಲಸ ನಡೆಯುವುದೂ ಇದೇ ರೀತಿ. ರಸ್ತೆಯವರೆಗೂ ಸಾಲು ಇರುತ್ತದೆ. ತಾಜಾ ಪಾಸ್ತಾ ಎರಡು ಮೂರು ನಿಮಿಷಕ್ಕೆ ಬೇಯುತ್ತದೆ, ಹಾಗಾಗಿ ಸಾಲು ಬೇಗ ಸರಿಯುತ್ತದೆ. ಸ್ಟೀಲ್ ಡಬ್ಬಿಗಳಲ್ಲಿ ನಾಲ್ಕೈದು ಸಾಸ್ ಸಿದ್ಧವಾಗಿರುತ್ತವೆ. ಹಸಿರು ಸಾಸ್ ಕಲಸಿದ ಇಕ್ಕಳವೇ ಮರುಕ್ಷಣ ಕೆಂಪು ಸಾಸ್‌ಗೆ ಇಳಿಯುತ್ತದೆ. ತೊಳೆಯುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ.

ಅಕ್ಕ ಹೋದಲ್ಲೆಲ್ಲ ವಿಚಾರಿಸಿಯೇ ಕೊಡಿಸುವವಳು. ಇಲ್ಲೂ ಫೋನಿನಲ್ಲಿ ಗೋಡಂಬಿಯ ಚಿತ್ರ ತೋರಿಸಿ, ಮಗುವಿಗೆ ಅಲರ್ಜಿ, ಪೆಸ್ಟೊದಲ್ಲಿ ಇದು ಇದೆಯಾ ಎಂದು ಕೇಳಿದಳು. ಕೌಂಟರಿನವನು ಚಿತ್ರ ಸರಿಯಾಗಿ ನೋಡಲೂ ಇಲ್ಲ. 'ಇಲ್ಲ ಇಲ್ಲ, ತುಳಸಿ, ಪೈನ್ ನಟ್, ಅಷ್ಟೇ' ಅಂದ, ಮುಂದಿನವರನ್ನು ಕರೆದ. ಅವನು ಹೇಳಿದ್ದು ಜಿನೋವಾದ ಸಾಂಪ್ರದಾಯಿಕ ಪೆಸ್ಟೊದ ಕಥೆ. ಅದರಲ್ಲಿ ಇಟಲಿಯ ತುಳಸಿ, ಪೈನ್ ಬೀಜ, ಬೆಳ್ಳುಳ್ಳಿ, ಚೀಸ್, ಆಲಿವ್ ಎಣ್ಣೆ ಇರುತ್ತವೆ ನಿಜ. ಆದರೆ ಪೈನ್ ಬೀಜ ಬಹಳ ದುಬಾರಿ. ಕಾರ್ಖಾನೆಯಲ್ಲಿ ತಯಾರಾಗುವ ಅನೇಕ ಪೆಸ್ಟೊಗಳಿಗೆ ಅದರ ಬದಲು, ಅಥವಾ ಅದರ ಜೊತೆಗೆ, ಗೋಡಂಬಿ ಅರೆದು ಹಾಕುತ್ತಾರೆ. ಬಣ್ಣದಲ್ಲಿ ಗೊತ್ತಾಗುವುದಿಲ್ಲ, ರುಚಿಯಲ್ಲೂ ಮಗುವಿಗೆ ಗೊತ್ತಾಗಲಿಲ್ಲ.

ಅರ್ಧ ಡಬ್ಬಿ ತಿನ್ನುವಷ್ಟರಲ್ಲಿ ತುಟಿ ತುರಿಕೆ ಅಂದ. ಕತ್ತಿನ ಮೇಲೆ ದದ್ದು ಎದ್ದಿತು, ವಾಂತಿಯಾಯಿತು, ದನಿ ಒಡೆಯಿತು. ಅಕ್ಕ ಕಾಯಲಿಲ್ಲ. ತೊಡೆಗೆ ಅಡ್ರಿನಲಿನ್ ಪೆನ್ (ತೀವ್ರ ಅಲರ್ಜಿಗೆ ತಕ್ಷಣ ಕೊಡುವ ಚುಚ್ಚುಮದ್ದು) ಚುಚ್ಚಿ, ಅವನನ್ನು ಅಲ್ಲೇ ಮಲಗಿಸಿ ಕಾಲು ಎತ್ತಿ ಹಿಡಿದಳು. ನಾನು ಅಲ್ಲಿನ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿದೆ. ಚುಚ್ಚಿದ ಮೇಲೆ ದದ್ದು ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಅದೇ ಪ್ರತಿಕ್ರಿಯೆ ಮತ್ತೆ ಬರಬಹುದು. ರಾತ್ರಿಯಿಡೀ ಅವನನ್ನು ನಿಗಾದಲ್ಲಿ ಇಟ್ಟುಕೊಂಡರು. ಈಗ ಚೆನ್ನಾಗಿದ್ದಾನೆ.

ಮರುದಿನ ಭಾವ ಅದೇ ಕೌಂಟರಿಗೆ ಹೋಗಿ ಪದಾರ್ಥಗಳ ಪಟ್ಟಿ ಕೇಳಿದರು. ಹಣದ ಪೆಟ್ಟಿಗೆಯ ಪಕ್ಕದ ಫೈಲಿನಲ್ಲಿ ಒಂದು ಹಾಳೆ ಇತ್ತು. ಪೆಸ್ಟೊ ಎದುರಿಗೆ ದಪ್ಪ ಅಕ್ಷರದಲ್ಲಿ 'ಅನಕಾರ್ಡಿ', ಅಂದರೆ ಗೋಡಂಬಿ. ಕೈ ಚಾಚಿದರೆ ಸಿಗುವ ಹಾಳೆ ಅದು! ಒಬ್ಬ ತಾಯಿ ಚಿತ್ರ ಹಿಡಿದು ಕೇಳುತ್ತಿದ್ದಾಗ ಅದನ್ನು ತೆರೆಯಲು ಹತ್ತು ಸೆಕೆಂಡ್ ಕೊಡಲಿಲ್ಲವಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಯುರೋಪಿಯನ್ ಒಕ್ಕೂಟದ 1169/2011 ನಿಯಮದ ಪ್ರಕಾರ ಪೊಟ್ಟಣವಿಲ್ಲದೆ ಮಾರುವ ಊಟಕ್ಕೂ 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕು. ಗೋಡಂಬಿ, ಪಿಸ್ತಾ, ಹಾಲು, ಮೊಟ್ಟೆ, ಗೋಧಿ ಎಲ್ಲ ಅದರಲ್ಲಿವೆ. ಆದ್ದರಿಂದ ಬಾಯಿಮಾತು ನಂಬಬೇಡಿ, ಬರೆದದ್ದನ್ನು ತೋರಿಸಿ ಅನ್ನಿ. ತೋರಿಸಲು ಗೊಣಗಿದರೆ ಸಾಲಿನಿಂದ ಹೊರಗೆ ಬನ್ನಿ. ಪಟ್ಟಿ ಇದ್ದರೂ ಒಂದು ಅಪಾಯ ಉಳಿಯುತ್ತದೆ: ಅದು ಹೇಳುವುದು ಸಾಸ್‌ಗೆ ಏನು ಹಾಕಿದ್ದಾರೆ ಎಂದು ಮಾತ್ರ. ಇಕ್ಕಳದಿಂದ, ಒಂದೇ ಬಾಣಲೆಯಿಂದ ಏನು ಅಂಟಿಕೊಂಡಿತು ಎಂಬುದು ಅದರಲ್ಲಿ ಇರುವುದಿಲ್ಲ. ಗೋಡಂಬಿ ಅಲರ್ಜಿ ಇರುವ ಬಹಳಷ್ಟು ಜನರಿಗೆ ಪಿಸ್ತಾ ಕೂಡ ಆಗುವುದಿಲ್ಲ, ಪಿಸ್ತಾ ಪೆಸ್ಟೊವೂ ರೋಮ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ತೀವ್ರ ಅಲರ್ಜಿ ಇರುವವರಿಗೆ ಇಂಥ ಕೌಂಟರ್ ಬೇಡವೇ ಬೇಡ. ಸ್ವಲ್ಪ ಹೆಚ್ಚು ಯೂರೋ ಹೋದರೂ ಕೂತು ತಿನ್ನುವ, ಅಡುಗೆಯವರೊಂದಿಗೆ ಮಾತಾಡಲು ಬಿಡುವ ಜಾಗ ಹುಡುಕಿ.

ಸಸ್ಯಾಹಾರಿಗಳಿಗೂ ಒಂದು ಮಾತು. ಟೊಮೆಟೊ ಸಾಸ್ ಎಂದುಕೊಂಡು ಅಮಾತ್ರಿಚಾನಾ ತಗೊಂಡರೆ ಅದರಲ್ಲಿ ಹಂದಿಯ ಕೆನ್ನೆಯ ಮಾಂಸ ಇರುತ್ತದೆ. ಪಾರ್ಮಿಜಾನೊ ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ.

ಅಡ್ರಿನಲಿನ್ ಪೆನ್ ಎರಡು ಇರಲಿ, ಎರಡೂ ಹೋಟೆಲ್ ರೂಮಿನಲ್ಲಲ್ಲ, ಕೈಚೀಲದಲ್ಲಿ. 112ರಲ್ಲಿ ನನ್ನ ಜೊತೆ ಇಂಗ್ಲಿಷ್‌ನಲ್ಲೇ ಮಾತಾಡಿದರು, ಮೊದಲು ಕೇಳಿದ್ದು ಎಲ್ಲಿದ್ದೀರಿ ಎಂದು. ಅಲ್ಲಿನ ಗಲ್ಲಿಗಳಲ್ಲಿ ದಾರಿ ವಿವರಿಸುವುದು ಕಷ್ಟ. ಮೂಲೆಮನೆಯ ಗೋಡೆಯ ಮೇಲೆ ಕಲ್ಲಿನ ಫಲಕದಲ್ಲಿ ರಸ್ತೆಯ ಹೆಸರು ಕೆತ್ತಿರುತ್ತಾರೆ, ಅದನ್ನು ಒಂದೊಂದೇ ಅಕ್ಷರ ಓದಿ ಹೇಳಿ. ಸಾಧ್ಯವಾದರೆ ಒಬ್ಬರು ಮಗುವಿನ ಜೊತೆ ಉಳಿದು, ಇನ್ನೊಬ್ಬರು ದೊಡ್ಡ ರಸ್ತೆಗೆ ಓಡಿ ಆಂಬ್ಯುಲೆನ್ಸ್‌ಗೆ ಕೈ ತೋರಿಸಿ.