ನರ್ಸ್ ಎಂಬ ಹೆಸರಿದ್ದ ಮಾತ್ರಕ್ಕೆ 31301 ಆಗುವುದಿಲ್ಲ: ಕೆನಡಾ ಅರ್ಜಿಯಲ್ಲಿ ನಾನು ಎಡವಿದ ಬಗೆ

ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಅಂಕಗಳ ಆಧಾರದ ಮೇಲೆ ಅರ್ಜಿದಾರರನ್ನು ಆಯ್ದು ಆಹ್ವಾನಿಸುವ ವ್ಯವಸ್ಥೆಯ ಮೂಲಕ ಕೆನಡಾದ ಕಾಯಂ ನಿವಾಸಕ್ಕೆ ಅರ್ಜಿ ಹಾಕಲು ಹೊರಟಿರುವ ನರ್ಸ್‌ಗಳು ದಯವಿಟ್ಟು ಇದನ್ನು ಓದಬೇಕು. 2024ರಲ್ಲಿ ನನ್ನ ಅರ್ಜಿ ತಿರಸ್ಕೃತವಾಯಿತು. ಸುಳ್ಳು ಮಾಹಿತಿ ಕೊಟ್ಟಿದ್ದೇನೆಂಬ ಕಾರಣಕ್ಕೆ 5 ವರ್ಷಗಳ ನಿರ್ಬಂಧವೂ ಬಿತ್ತು. ಇಷ್ಟಕ್ಕೆಲ್ಲ ಮೂಲ, ನನ್ನ ಅನುಭವದ ಮುಂದೆ ಬರೆದ 31301 ಎಂಬ ಐದಂಕಿಯ ಉದ್ಯೋಗ ಸಂಖ್ಯೆ.

ನಾನು ಬಿ.ಎಸ್‌ಸಿ. ನರ್ಸಿಂಗ್ ಓದಿದವಳು, ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯೂ ಇದೆ. ಓದು ಮುಗಿದ ಮೇಲೆ ಒಂದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ 19 ತಿಂಗಳು ಸ್ಟಾಫ್ ನರ್ಸ್ ಆಗಿದ್ದೆ. ನಂತರ, ಸಂಬಳ ತುಸು ಹೆಚ್ಚೆಂದು, ಹೋಮ್ ನರ್ಸಿಂಗ್ ಏಜೆನ್ಸಿಯೊಂದರ ಮೂಲಕ ಪಾರ್ಶ್ವವಾಯು ಬಡಿದಿದ್ದ ವೃದ್ಧೆಯೊಬ್ಬರ ಮನೆಯಲ್ಲಿ 26 ತಿಂಗಳು ಕೆಲಸ ಮಾಡಿದೆ. ಅಲ್ಲಿ ನಾನು ಮಾಡುತ್ತಿದ್ದುದು ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಡೈಪರ್ ಬದಲಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ರಾತ್ರಿ ಪಕ್ಕದಲ್ಲೇ ಮಲಗುವುದು. ಆ ಮನೆಯವರೆಲ್ಲ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಏಜೆನ್ಸಿಯ ರಸೀದಿಯಲ್ಲಿಯೂ ಹೋಮ್ ನರ್ಸ್ ಎಂದೇ ಇತ್ತು. ನಮ್ಮಲ್ಲಿ ಈ ಮಾತು ಎಷ್ಟು ಸಡಿಲವೆಂದರೆ, ಹತ್ತನೆಯ ತರಗತಿ ಮುಗಿಸಿ ರೋಗಿಯ ಆರೈಕೆಗೆ ಬಂದವಳೂ ಹೋಮ್ ನರ್ಸ್, ನಾಲ್ಕು ವರ್ಷ ಓದಿ ಬಂದ ನಾನೂ ಹೋಮ್ ನರ್ಸ್.

ಕೆನಡಾದ ರಾಷ್ಟ್ರೀಯ ಉದ್ಯೋಗ ವರ್ಗೀಕರಣ, ಅಂದರೆ ಎಲ್ಲರೂ ಎನ್‌ಒಸಿ ಎನ್ನುವ ಪಟ್ಟಿ, ಅಷ್ಟು ಸಡಿಲವಾಗಿಲ್ಲ. 2022ರ ನವೆಂಬರ್ 16ರಿಂದ ಎಕ್ಸ್‌ಪ್ರೆಸ್ ಎಂಟ್ರಿಗೆ ಅನ್ವಯಿಸುತ್ತಿರುವ ಅದರ 2021ರ ಆವೃತ್ತಿಯಲ್ಲಿ ಪ್ರತಿ ಉದ್ಯೋಗಕ್ಕೂ ಐದು ಅಂಕಿಗಳಿವೆ. ಮೊದಲ ಅಂಕಿ ಕ್ಷೇತ್ರವನ್ನು ಹೇಳುತ್ತದೆ, ಆರೋಗ್ಯಕ್ಕೆ 3; ಎರಡನೆಯದು ಆ ಕೆಲಸಕ್ಕೆ ಸಾಮಾನ್ಯವಾಗಿ ಬೇಕಾಗುವ ತರಬೇತಿ, ಶಿಕ್ಷಣ ಮತ್ತು ಹೊಣೆಯ ಮಟ್ಟವನ್ನು ಹೇಳುತ್ತದೆ, ಅದನ್ನು ಟೀರ್ ಎನ್ನುತ್ತಾರೆ. ರಿಜಿಸ್ಟರ್ಡ್ ನರ್ಸ್ ಮತ್ತು ರಿಜಿಸ್ಟರ್ಡ್ ಸೈಕಿಯಾಟ್ರಿಕ್ ನರ್ಸ್ 31301, ಅವರ ಮೇಲ್ವಿಚಾರಕರು 31300, ನರ್ಸ್ ಪ್ರಾಕ್ಟೀಷನರ್ 31302, ಲೈಸೆನ್ಸ್‌ಡ್ ಪ್ರಾಕ್ಟಿಕಲ್ ನರ್ಸ್ 32101, ಆಸ್ಪತ್ರೆ ಮತ್ತು ವೃದ್ಧಾಶ್ರಮಗಳ ನರ್ಸ್ ಏಡ್ 33102. ಖಾಸಗಿ ಮನೆಯಲ್ಲಿ ಆರೈಕೆ ಮಾಡುವವರು ಆರೋಗ್ಯ ಕ್ಷೇತ್ರದ ಗುಂಪಿನಲ್ಲಿಯೇ ಇಲ್ಲ. ಅವರ ಸಂಖ್ಯೆ 44101, ಟೀರ್ 4. ಎಕ್ಸ್‌ಪ್ರೆಸ್ ಎಂಟ್ರಿ ಲೆಕ್ಕಕ್ಕೆ ಹಿಡಿಯುವುದು ಟೀರ್ 0ರಿಂದ 3ರವರೆಗಿನ ಅನುಭವವನ್ನು ಮಾತ್ರ. ಅಂದರೆ ನನ್ನ 26 ತಿಂಗಳಿಗೆ ಅಲ್ಲಿ ಸೊನ್ನೆ.

2023ರ ಜೂನ್‌ನಲ್ಲಿ ಆರೋಗ್ಯ ಕ್ಷೇತ್ರದವರಿಗೆಂದೇ ಪ್ರತ್ಯೇಕ ಆಹ್ವಾನದ ಸುತ್ತು ಆರಂಭವಾದಾಗ, ಪರಿಚಯದವರೊಬ್ಬರು ತೋರಿಸಿದ ಏಜೆಂಟರ ಬಳಿ ಹೋದೆ. ಅವರು ಎರಡೂ ಕೆಲಸಗಳನ್ನು ಒಟ್ಟು ಸೇರಿಸಿ, ಪೂರ್ತಿ 31301 ಎಂದು ಬರೆದರು. ಲಾಭ ಕಣ್ಣಿಗೆ ಕಾಣುವಂತಿತ್ತು: ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಆಲಿಸುವಿಕೆಗೆ 8, ಉಳಿದ ಮೂರಕ್ಕೂ ತಲಾ 7 ಬಂದಿದ್ದ ನನ್ನಂಥವರಿಗೆ ಒಂದರಿಂದ ಎರಡು ವರ್ಷದ ವಿದೇಶಿ ಅನುಭವಕ್ಕೆ ಭಾಷೆಯ ಜೊತೆಗೂಡಿ 25 ಅಂಕ, ಮೂರು ವರ್ಷ ದಾಟಿದರೆ 50. ಮನೆಯ ಕೆಲಸದ ಬಗ್ಗೆ ಕೇಳಿದ್ದಕ್ಕೆ, ನೀವು ನೋಂದಾಯಿತ ನರ್ಸ್ ಅಲ್ಲವೇ ಮೇಡಂ, ಮತ್ತೇನು ಸಂಶಯ ಎಂದರು. ಆ ಮಾತು ನನಗೂ ಹಿತವಾಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಪದವಿ, ನೋಂದಣಿ, ಹುದ್ದೆಯ ಹೆಸರು ಇವು ಯಾವುವೂ ಸಂಖ್ಯೆಯನ್ನು ತೀರ್ಮಾನಿಸುವುದಿಲ್ಲ. ಆ ಸಂಖ್ಯೆಯ ಆರಂಭದ ವಿವರಣೆಯಲ್ಲಿ ಹೇಳಿರುವ ಕೆಲಸವನ್ನು ಮತ್ತು ಅದರ ಕೆಳಗೆ ಪಟ್ಟಿ ಮಾಡಿರುವ ಮುಖ್ಯ ಕರ್ತವ್ಯಗಳಲ್ಲಿ ಗಣನೀಯ ಪಾಲನ್ನು ನಾವು ನಿಜವಾಗಿ ಮಾಡಿರಬೇಕು. 31301ರಲ್ಲಿ ಇರುವುದು ರೋಗಿಯ ಸ್ಥಿತಿಯನ್ನು ಅಳೆದು ಶುಶ್ರೂಷೆಯನ್ನು ಯೋಜಿಸುವುದು, ವೈದ್ಯರು ಬರೆದ ಔಷಧಿ ಕೊಡುವುದು, ಲಕ್ಷಣಗಳ ಬದಲಾವಣೆಯನ್ನು ಗಮನಿಸಿ ದಾಖಲಿಸುವುದು, ಉಪಕರಣಗಳನ್ನು ನಿರ್ವಹಿಸುವುದು ಇತ್ಯಾದಿ. ಇದೇ ಕಾರಣಕ್ಕೆ, ಜಿಎನ್‌ಎಂ ನರ್ಸಿಂಗ್ ಕೋರ್ಸ್ ಎಂದರೆ ಡಿಪ್ಲೊಮಾ, ಹಾಗಾಗಿ ಪ್ರಾಕ್ಟಿಕಲ್ ನರ್ಸ್‌ನ 32101 ಎಂದು ಏಜೆಂಟರು ಹೇಳುವುದೂ ತಪ್ಪು ದಾರಿಯ ತರ್ಕವೇ. ಅಲ್ಲಿಯೂ ನೋಡಬೇಕಾದದ್ದು ಮಾಡಿದ ಕೆಲಸವನ್ನು.

ನನ್ನನ್ನು ಮುಳುಗಿಸಿದ್ದು ಅನುಭವ ಪತ್ರ. ಹೋಮ್ ನರ್ಸಿಂಗ್ ಏಜೆನ್ಸಿಯ ಲೆಟರ್‌ಹೆಡ್ ಮೇಲೆ ಏಜೆಂಟರೇ ಪತ್ರ ಸಿದ್ಧಪಡಿಸಿ ಸಹಿ ಹಾಕಿಸಿದ್ದರು. ಕರ್ತವ್ಯಗಳ ಭಾಗವನ್ನು ಸರ್ಕಾರದ ಎನ್‌ಒಸಿ ಪುಟದಿಂದ ಪದಕ್ಕೆ ಪದ ಎತ್ತಿಕೊಂಡಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು ಎಂಬ ಸಾಲೂ ಅದರಲ್ಲಿತ್ತು, ಅದೂ ಒಬ್ಬ ವೃದ್ಧೆಯ ಮನೆಯಲ್ಲಿ! ನಾನು ಅದನ್ನು ಓದದೆ ಕಳುಹಿಸಲು ಒಪ್ಪಿದೆ. ಅಧಿಕಾರಿಗಳು ಏಜೆನ್ಸಿಗೆ ಫೋನ್ ಮಾಡಿದಾಗ ಅದರ ಮಾಲೀಕರು, ಪಾಪ, ಇದ್ದದ್ದನ್ನು ಇದ್ದಂತೆ ಹೇಳಿದರು. ನನಗೆ ವಿವರಣೆ ಕೇಳಿ ಪತ್ರ ಬಂತು, ಆದರೆ ಕೊಡಲು ನನ್ನಲ್ಲಿ ವಿವರಣೆ ಇರಲಿಲ್ಲ. ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 40ನೆಯ ಕಲಮಿನಡಿ ಆದೇಶ ಬಂತು. ಅರ್ಜಿ ನನ್ನದೇ ಲಾಗಿನ್‌ನಿಂದ, ಪ್ರತಿನಿಧಿಯ ಹೆಸರಿಲ್ಲದೆ ಹೋಗಿದ್ದರಿಂದ ಕಾಗದದ ಮೇಲೆ ಏಜೆಂಟರು ಎಲ್ಲಿಯೂ ಇಲ್ಲ. ಹಣ ಪಡೆದು ಇಂಥ ಸಲಹೆ ಕೊಡಲು ಕೆನಡಾದ ಪ್ರಾಂತ್ಯಗಳ ವಕೀಲರ ಸಂಘ ಅಥವಾ ಕ್ವಿಬೆಕ್‌ನ ನೋಟರಿಗಳ ಸಂಘದ ಸದಸ್ಯರಿಗೆ, ಇಲ್ಲವೇ ಅಲ್ಲಿನ ವಲಸೆ ಸಲಹೆಗಾರರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಯ ಪರವಾನಗಿ ಉಳ್ಳವರಿಗೆ ಮಾತ್ರ ಅನುಮತಿ ಎಂಬುದನ್ನೂ, ಆ ಕಾಲೇಜಿನ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಬಹುದೆಂಬುದನ್ನೂ ನಾನು ತಿಳಿದದ್ದು ಆಮೇಲೆ.

ಪತ್ರವನ್ನು ನಿಮಗೆ ಕೆಲಸ ಕೊಟ್ಟವರೇ ಬರೆಯಲಿ. ಹುದ್ದೆ, ಅವಧಿ, ಸಂಬಳ, ವಾರಕ್ಕೆ ಎಷ್ಟು ಗಂಟೆ, ಯಾವ ವಾರ್ಡು, ಅಲ್ಲಿ ನೀವು ಮಾಡಿದ್ದೇನು ಎಂಬುದು ಅವರ ಮಾತಿನಲ್ಲೇ ಇರಲಿ. ಪೂರ್ಣಾವಧಿ ಎಂದರೆ ವಾರಕ್ಕೆ ಕನಿಷ್ಠ 30 ಗಂಟೆ. ಸಂಖ್ಯೆ ಸರಿಯಾಗಿದ್ದರೂ ಅದು ನರ್ಸ್ ಆಗಿ ದುಡಿಯುವ ಪರವಾನಗಿಯಲ್ಲ. ಅದನ್ನು ಕೊಡುವುದು ಆಯಾ ಪ್ರಾಂತ್ಯದ ನಿಯಂತ್ರಣ ಸಂಸ್ಥೆ, ಅದರ ದಾರಿಯೇ ಬೇರೆ.

ಆಸ್ಪತ್ರೆಯ ಆ 19 ತಿಂಗಳ ಪತ್ರ ಅಪ್ಪಟ ನಿಜವಾಗಿತ್ತು. ಅದೊಂದನ್ನೇ ಕೊಟ್ಟು 25 ಅಂಕ ಕಡಿಮೆ ಬಂದಿದ್ದರೆ ಮುಂದಿನ ಸುತ್ತಿಗೆ ಕಾಯಬಹುದಿತ್ತು. ಈಗ 2029ರವರೆಗೆ ಕಾಯಬೇಕು.